ಆ ಕಾರ್ಡಿನಲ್ಲಿ ಏನಿತ್ತು

ಜನವರಿ 9

ಅಳಿಯಂದಿರಿಗೆ,

ನಾನೂ ಸಾಸಿವೆಯೂ ಇದ್ದೀವಿ. ಚೆನ್ನಾಗಿದ್ದೀವಿ ಅಂತ ಬರೆದರೆ ಸುಳ್ಳಾಗುತ್ತೆ, ಅದಕ್ಕೇ ಇದ್ದೀವಿ ಅಂತ ಮಾತ್ರ ಬರೆದೆ.

ಕೋರ್ಟಿನ ವರಾಂಡದಲ್ಲಿ ನಿಮ್ಮನ್ನು ನೋಡಿದ್ದೇ ಕೊನೆ. ಜೈಲಿನ ಫೋನ್ ಪಟ್ಟಿಗೆ ನನ್ನ ನಂಬರು ಸೇರಿಸೋಕೆ ಒಪ್ಪಿಗೆ ಕೇಳಿ ಒಂದು ಫಾರಂ ಬಂದಿತ್ತು. ಸಹಿ ಹಾಕಿಲ್ಲ. ನಿಮ್ಮ ದನಿ ಕೇಳೋಕೆ ನನ್ನ ಕಿವಿ ಇನ್ನೂ ಗಟ್ಟಿಯಾಗಿಲ್ಲ. ಈಗ ಬರೀತಿರೋದೂ ಕೆಲಸದ ಮಾತಿಗೆ ಮಾತ್ರ.

ನನ್ನ ಹೊಲಿಗೆ ಅಂಗಡಿಗೂ ನಿಮ್ಮ ಸ್ಟುಡಿಯೊಗೂ ನಡುವೆ ಒಂದೇ ಗೋಡೆ ತಾನೆ. ನಿಮ್ಮ ಮಗಳು ದಿನಾ ಶಾಲೆಯಿಂದ ಬರ್ತಾ ಮುಚ್ಚಿದ ಶಟರ್ ಮುಂದೆ ನಿಂತ್ಕೊಳ್ತಾಳೆ. ಬಾ ಅಂದರೆ ಬರಲ್ಲ, ಅಳೋದೂ ಇಲ್ಲ. ಎಂಟು ವರ್ಷದ ಮಗು, ಕರೆಯೋ ಹೆಸರಿಗೆ ತಕ್ಕ ಹಾಗೆ ಸಾಸಿವೆ ಗಾತ್ರ, ಅಲ್ಲಿ ನಿಂತರೆ ಮಾತ್ರ ಜಪ್ಪಯ್ಯ ಅಂದರೂ ಅಲುಗಾಡಲ್ಲ. ಹೋದ ವಾರ ನೋಡಲಾರದೆ ಶಟರ್ ಎತ್ತಿಬಿಟ್ಟೆ. ಎತ್ತಿದ್ದೇ ತಡ, ಅವಳ ಶಾಲೆಯ ಹೆಡ್ ಮಿಸ್ ಒಳಗೆ ಬಂದರು. "ಮಾರ್ಚಿನಲ್ಲಿ ಮುನ್ನೂರು ಮಕ್ಕಳ ಗುರುತಿನ ಚೀಟಿಗೆ ಫೋಟೊ ಆಗಬೇಕು. ಅಳಿಯ ಇಲ್ಲದಿದ್ದರೆ ಏನಂತೆ, ನೀವೇ ತೆಗೀರಿ ಟೈಲರೇ" ಅಂದರು. ನಾನು ಬಾಯಿ ಬಿಡೋದರೊಳಗೆ ಸಾಸಿವೆ "ಹೂಂ, ತಾತ ತೆಗೀತಾರೆ" ಅಂದಳು. ಅಳತೆ ತೆಗೆಯೋದು ಬಿಟ್ಟರೆ ಈ ಕೈ ಹುಟ್ಟಿದಾಗಿನಿಂದ ಬೇರೇನೂ ತೆಗೆದಿಲ್ಲ.

ಆಸ್ಪತ್ರೆಯವರು ಕೊಟ್ಟ ನಿಮ್ಮ ಕ್ಯಾಮೆರಾ ಬ್ಯಾಗು ಅಟ್ಟದ ಮೇಲಿತ್ತು. ಇಳಿಸಿ ನೋಡಿದರೆ ಕ್ಯಾಮೆರಾಕ್ಕೆ ಉಸಿರೇ ಇಲ್ಲ. ಮಿಷಿನ್ನು ಅಂದಮೇಲೆ ಮಿಷಿನ್ನೇ, ಎರಡು ತೊಟ್ಟು ಎಣ್ಣೆ ಬಿಟ್ಟರೆ ಓಡುತ್ತೆ ಅಂತ ಹೊಲಿಗೆ ಮಿಷಿನ್ನಿನ ಎಣ್ಣೆ ಡಬ್ಬಿ ಹಿಡಿದು ಕೂತಿದ್ದೆ. ಸಾಸಿವೆ ಕಿರುಚಿ ಕಿತ್ತುಕೊಂಡಳು. ಏನು ಮಾಡಬೇಕು ಅಂತ ಬರೆಯಿರಿ. ಏನೂ ಗೊತ್ತಿಲ್ಲದವನಿಗೆ ಹೇಳೋ ಹಾಗೆ ಬರೆಯಿರಿ.

ಇನ್ನೊಂದು ಮಾತು, ಒಂದೇ ಸಲ ಬರೆದು ಮುಗಿಸ್ತೀನಿ. ಎರಡು ದಿನದ ಮದುವೆ ಕೆಲಸ ಮುಗಿಸಿಕೊಂಡು ಕಾರು ಓಡಿಸ್ತಾ ನಿಮಗೆ ಕಣ್ಣು ಹತ್ತಿತು, ನನ್ನ ಮಗಳು ಹೋದಳು. ನಾನೂ ಕೆಲಸ ಮೈಮೇಲೆ ಬಿದ್ದಾಗ ಮಿಷಿನ್ ಮುಂದೆ ತೂಕಡಿಸಿ ಬೆರಳಿಗೆ ಸೂಜಿ ಹೊಡೆಸಿಕೊಂಡವನೇ. ನಿದ್ದೆ ಯಾರ ಮಾತೂ ಕೇಳಲ್ಲ. ಅದಕ್ಕೇ ನಿಮಗೆ ಶಾಪ ಹಾಕಿಲ್ಲ. ಇದಕ್ಕಿಂತ ಹೆಚ್ಚು ನನ್ನಿಂದ ಕೇಳಬೇಡಿ.

ಇಂತಿ,
ನಿಮ್ಮ ಮಾವ, ಟೈಲರ್


ಜನವರಿ 20

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡು, ಬಿಡಿಸಿ ನೋಡಲು ಒಂದು ದಿನ ಹಿಡಿಯಿತು. ಇಲ್ಲಿ ನನ್ನನ್ನು ಪುಸ್ತಕ ಕಟ್ಟುವ ವಿಭಾಗಕ್ಕೆ ಹಾಕಿದ್ದಾರೆ. ಹೋಗುವ ಬರುವ ಕಾಗದಗಳನ್ನೆಲ್ಲ ಕಚೇರಿಯಲ್ಲಿ ಓದಿ ಮೊಹರು ಹಾಕುವುದರಿಂದ ಎಂಟು ಹತ್ತು ದಿನ ತಡವಾಗುತ್ತದೆ.

ಎಣ್ಣೆ ಡಬ್ಬಿಯನ್ನು ಕ್ಯಾಮೆರಾ ಇರುವ ಕೋಣೆಗೇ ತರಬೇಡಿ. ಅದಕ್ಕೆ ಬೇಕಾದದ್ದು ಚಾರ್ಜು. ಚಾರ್ಜರ್ ಸ್ಟುಡಿಯೊ ಮೇಜಿನ ಎರಡನೇ ಡ್ರಾಯರಿನಲ್ಲಿದೆ. ಬ್ಯಾಟರಿಯನ್ನು ತುಂಬಾ ದಿನ ಕ್ಯಾಮೆರಾದೊಳಗೇ ಬಿಡಬಾರದು, ಕೆಲಸವಿಲ್ಲದಾಗ ತೆಗೆದಿಡಿ. ಲೆನ್ಸನ್ನು ಅಂಗಿಯ ಅಂಚಿನಿಂದ ಒರೆಸಬೇಡಿ, ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಬ್ಯಾಗಿನಲ್ಲಿ ಒಂದು ರಬ್ಬರ್ ಬುರುಡೆ ಇದೆ, ಅದನ್ನು ಒತ್ತಿ ಮೊದಲು ದೂಳು ಹಾರಿಸಿ. ಆಮೇಲೆ ಅಲ್ಲೇ ಇರುವ ಬೂದು ಬಟ್ಟೆಯಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ಲೆನ್ಸ್ ಬಿಚ್ಚಲೇಬೇಕಾದರೆ ಕ್ಯಾಮೆರಾದ ಬಾಯಿ ನೆಲದ ಕಡೆಗಿರಲಿ, ಒಳಗೆ ದೂಳು ಬೀಳುವುದಿಲ್ಲ. ಬ್ಯಾಗಿನ ಬಿಳಿ ಹರಳಿನ ಪೊಟ್ಟಣಗಳನ್ನು ಎಸೆಯಬೇಡಿ. ಅವು ತೇವ ಹೀರುತ್ತವೆ, ಇಲ್ಲದಿದ್ದರೆ ಲೆನ್ಸಿನೊಳಗೆ ಬೂಷ್ಟು ಕಟ್ಟುತ್ತದೆ. ಹಿಂದುಗಡೆ ಸಣ್ಣ ಕೆಂಪು ದೀಪ ಮಿನುಗುತ್ತಿರುವಾಗ ಕಾರ್ಡನ್ನು ಮಾತ್ರ ಎಳೆಯಬೇಡಿ. ಫೋಟೊಗಳೆಲ್ಲ ಇರುವುದು ಆ ಕಾರ್ಡಿನಲ್ಲೇ.

ಇನ್ನು ಮೂರು ಅಂಕಿಗಳು. ಒಂದು, ಬೆಳಕು ಒಳಗೆ ಬರುವ ತೂತಿನ ಅಳತೆ. ಇದರ ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು. ಎರಡು, ಆ ತೂತಿನ ಹಿಂದಿನ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು, 125 ಅಂದರೆ ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಪಾಲು. ಮೂರು, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಕಣ್ಣು ಎಷ್ಟು ಚುರುಕು ಅನ್ನುವುದು. ಅದನ್ನು ಹೆಚ್ಚಿಸುತ್ತಾ ಹೋದರೆ ಕತ್ತಲಲ್ಲೂ ಫೋಟೊ ಬರುತ್ತದೆ, ಆದರೆ ಮರಳು ಎರಚಿದ ಹಾಗೆ ಕಾಣುತ್ತದೆ. ಮೇಲಿನ ಚಕ್ರವನ್ನು M ಅಕ್ಷರಕ್ಕೆ ತಿರುಗಿಸಿ. ಮಕ್ಕಳನ್ನು ಸ್ಟುಡಿಯೊ ಬಾಗಿಲ ಬೆಳಕಿಗೆ ನಿಲ್ಲಿಸಿ, ತೂತು 5.6, ಬಾಗಿಲು 125, ಐಎಸ್‌ಒ 400 ಇಡಿ. ಕತ್ತಲಾಗಿ ಬಂದರೆ ಐಎಸ್‌ಒ ಮಾತ್ರ ಏರಿಸಿ.

ನಿದ್ದೆಯ ವಿಷಯ ನೀವು ಬರೆದದ್ದನ್ನು ಓದಿದೆ.

ನಿಮ್ಮ ವಿಧೇಯ,
ಅಳಿಯ


ಫೆಬ್ರವರಿ 3

ಅಳಿಯಂದಿರಿಗೆ,

ನಲವತ್ತೈದು ವರ್ಷ ಬಟ್ಟೆ ಮುಟ್ಟಿದವನಿಗೆ ಬಟ್ಟೆ ಪಾಠ ಹೇಳಿದಿರಿ. ಇರಲಿ. ಆ ಬೂದು ಬಟ್ಟೆ ಒಳ್ಳೇ ಜಾತಿಯದು, ಒಪ್ಪಿದೆ.

ತೂತಿನ ಅಂಕಿ ತಲೆಕೆಳಗು ಅಂತ ಸಾಸಿವೆಗೆ ಅರ್ಥವಾಗಲಿಲ್ಲ, ನನಗೆ ತಕ್ಷಣ ಆಯಿತು. ದಾರದ ನಂಬರೂ ಹಾಗೇ. ನಂಬರು ಏರಿದಷ್ಟೂ ದಾರ ಸಣ್ಣ. ನಿಮ್ಮ ವಿದ್ಯೆಯಲ್ಲಿ ನನಗೆ ಗೊತ್ತಿರೋದು ಇದೊಂದೇ. ಉಳಿದದ್ದೆಲ್ಲ ಎಡವಟ್ಟು. ಕಂಬದ ಹಾಗೆ ನಿಲ್ಲು ಅಂದರೂ ಸಾಸಿವೆ ನಿಲ್ಲಲ್ಲ, ಮುಖ ಒರೆಸಿ ಹಾಕಿದ ಹಾಗೆ ಬರುತ್ತೆ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ವಿಷ ಕುಡಿದವಳ ಹಾಗೆ ಬಣ್ಣ ಬರುತ್ತೆ. ಪಕ್ಕದ ಬೇಕರಿಯವರನ್ನು ಕೂರಿಸಿ ತೆಗೆದೆ. ಅವರ ಮೂಗಿನ ಹಿಂದೆ ಗೋಡೆಯ ಮೊಳೆ ಎಷ್ಟು ಸ್ಪಷ್ಟವಾಗಿ ಬಂದಿದೆ ಅಂದರೆ, ಅವರೇ ನೋಡಿ "ಮೊಳೆಯ ಫೋಟೊ ಚೆನ್ನಾಗಿದೆ ಟೈಲರೇ" ಅಂದು ಎದ್ದು ಹೋದರು.

ಸಾಸಿವೆ ನಕ್ಕಳು. ಏಳು ತಿಂಗಳಾಗಿತ್ತು. ನಾನು ತಿರುಗಿ ನೋಡಲಿಲ್ಲ, ನೋಡಿದರೆ ನಿಲ್ಲಿಸಿಬಿಡ್ತಾಳೆ ಅಂತ ಭಯ.

ಬೇಗ ಬರೆಯಿರಿ.

ಇಂತಿ,
ಟೈಲರ್ ಮಾವ


ಫೆಬ್ರವರಿ 14

ಪೂಜ್ಯ ಮಾವನವರಿಗೆ,

ಮೊಳೆಯ ಕಥೆ ಓದಿ ನಾನೂ ನಕ್ಕೆ. ಪಕ್ಕದಲ್ಲಿ ಅಂಟು ಹಚ್ಚುತ್ತಿದ್ದವನು ಏನಾಯಿತು ಅಂತ ಕೇಳಿದ. ನಮ್ಮ ಮಾವ ಅಂದೆ, ಅಷ್ಟೇ.

ಗುಂಡಿಯನ್ನು ಒಂದೇ ಸಲ ಪೂರ್ತಿ ಒತ್ತಬೇಡಿ. ಅರ್ಧ ಒತ್ತಿ ಹಿಡಿಯಿರಿ, ಸಣ್ಣ ಹಸಿರು ಚೌಕ ಬರುತ್ತದೆ. ಅದು ಕಣ್ಣಿನ ಮೇಲೆ ಕೂತಿದೆಯೇ ನೋಡಿ, ಆಮೇಲೆ ಪೂರ್ತಿ ಒತ್ತಿ. ಕಣ್ಣು ಸ್ಪಷ್ಟವಾಗಿದ್ದರೆ ಮಿಕ್ಕಿದ್ದು ಹೇಗಿದ್ದರೂ ಜನ ಒಪ್ಪುತ್ತಾರೆ. ಅಲುಗಾಡುವ ಮಕ್ಕಳಿಗೆ ಬಾಗಿಲಿನ ಅಂಕಿ 250 ಮಾಡಿ, ಐಎಸ್‌ಒ 800ಕ್ಕೆ ಏರಿಸಿ. ಬಣ್ಣ ಕೆಟ್ಟದ್ದು ಟ್ಯೂಬ್‌ಲೈಟಿನ ತಪ್ಪು. WB ಅಂತ ಬರೆದ ಗುಂಡಿ ಒತ್ತಿದರೆ ಸೂರ್ಯ, ಮೋಡ, ಬಲ್ಬು, ಟ್ಯೂಬ್‌ಲೈಟ್ ಚಿತ್ರಗಳು ಬರುತ್ತವೆ. ನೀವು ಯಾವ ಬೆಳಕಿನಲ್ಲಿದ್ದೀರಿ ಅಂತ ಅದಕ್ಕೆ ಹೇಳಬೇಕು. ಪಾಪ, ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ.

ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಉಸಿರು ಬಿಡುತ್ತಾ ಒತ್ತಿ. ಸೂಜಿಗೆ ದಾರ ಪೋಣಿಸುವಾಗ ನೀವು ಉಸಿರು ಹಿಡಿಯುವುದನ್ನು ನೋಡಿದ್ದೇನೆ, ಇಲ್ಲಿ ಹಾಗೆ ಬೇಡ.

ಅವಳು ನಕ್ಕಳು ಅಂತ ಬರೆದ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನಿಮ್ಮ ವಿಧೇಯ,
ಅಳಿಯ


ಫೆಬ್ರವರಿ 25

ಪ್ರೀತಿಯ ಅಳಿಯನಿಗೆ,

ಇನ್ನು ಮೇಲೆ ನೀನು ಅಂತಲೇ ಬರೀತೀನಿ. ಮದುವೆಯಾದ ಹೊಸದರಲ್ಲಿ ನೀನು ಅಂತಲೇ ಕರೀತಿದ್ದೆ. ಈ ನಡುವೆ ಬಹುವಚನ ಹಚ್ಚಿದ್ದು ಮರ್ಯಾದೆಗಲ್ಲ ಅಂತ ನಿನಗೂ ಗೊತ್ತು.

ಫೋಟೊಗಳು ಈಗ ಮನುಷ್ಯರ ಹಾಗೆ ಬರ್ತಿವೆ. ಬೇಕರಿಯವರು ಎರಡನೇ ಸಲ ಕೂತು, ತಮ್ಮ ಮೂಗು ಇಷ್ಟು ದಪ್ಪ ಅಂತ ಮೊದಲ ಸಲ ಗೊತ್ತಾಯಿತು ಅಂದರು. ನಿನ್ನ ಕುರ್ಚಿ ಮೇಲೆ ಕೂತು ಬಾಗಿಲ ಬೆಳಕು ನೋಡ್ತೀನಿ. ಹನ್ನೊಂದು ಗಂಟೆಗೆ ಎದುರು ಕಟ್ಟಡದ ಗಾಜಿನಿಂದ ಒಂದು ಬೆಳಕು ನೆಲಕ್ಕೆ ಬೀಳುತ್ತೆ. ಗೋಡೆಯ ಆಚೆ ಇಷ್ಟು ವರ್ಷ ಕೂತಿದ್ದೆ, ಇದು ಗೊತ್ತೇ ಇರಲಿಲ್ಲ. ನನ್ನ ಮಗಳು ನಿನ್ನ ಜೊತೆ ಕೆಲಸಕ್ಕೆ ಬರ್ತೀನಿ ಅಂತ ಹಟ ಹಿಡಿದಾಗ, ಹೊಲಿಗೆ ಬಿಟ್ಟು ಲೈಟು ಹಿಡಿಯೋಕೆ ಹೋಗ್ತೀಯಾ ಅಂತ ಬೈದಿದ್ದೆ. ಯಾಕೆ ಹೋದಳು ಅಂತ ಈಗ ಸ್ವಲ್ಪ ಅರ್ಥವಾಗ್ತಿದೆ.

ಸಾಸಿವೆ "ಅಪ್ಪನ್ನ ಯಾವಾಗ ನೋಡೋದು" ಅಂತ ಮೊನ್ನೆ ಬಾಯಿಬಿಟ್ಟು ಕೇಳಿದಳು. ಏಪ್ರಿಲ್ ಎರಡನೇ ಭಾನುವಾರಕ್ಕೆ ಭೇಟಿಯ ಅರ್ಜಿ ತುಂಬಿದ್ದೀನಿ. ಇಬ್ಬರೂ ಬರ್ತೀವಿ.

ಈಗ ಕೆಲಸದ ಮಾತು. ಕ್ಯಾಮೆರಾ ನಿನ್ನೆಯಿಂದ ಕಾರ್ಡು ತುಂಬಿದೆ ಅಂತ ಹಟ ಹಿಡಿದಿದೆ, ಒಂದು ಫೋಟೊನೂ ತೆಗೆಯಲ್ಲ. ನಾನು ತೆಗೆದದ್ದು ನೂರೋ ನೂರಿಪ್ಪತ್ತೋ, ಅಷ್ಟಕ್ಕೇ ತುಂಬಲ್ಲ. ಮೊದಲೇ ಏನೋ ಇದೆ. ಬಾಣದ ಗುಂಡಿ ಒತ್ತಿದರೆ ಹಿಂದಿನದೆಲ್ಲ ಕಾಣುತ್ತೆ ಅಂತ ಸಾಸಿವೆ ಹೇಳ್ತಾಳೆ. ಅವಳ ಕೈಗೆ ಕೊಟ್ಟಿಲ್ಲ, ನಾನೂ ಒತ್ತಿಲ್ಲ. ಅದರಲ್ಲಿ ನನ್ನ ಮಗಳ ಫೋಟೊ ಇದೆಯಾ? ಇದ್ದರೆ ಹೇಳು. ಮನಸ್ಸು ಗಟ್ಟಿ ಮಾಡಿಕೊಂಡು ಒಂದು ದಿನ ಕೂತು ನೋಡ್ತೀನಿ. ಆ ಎರಡು ದಿನ ಅವಳು ಹೇಗಿದ್ದಳು ಅಂತ ನನಗೆ ಗೊತ್ತಿಲ್ಲ ನೋಡು. ಹೊರಡುವಾಗ ನಾನು ಗಿರಾಕಿ ಜೊತೆ ಮಾತಾಡ್ತಿದ್ದೆ, ಕೈ ಎತ್ತಿದಳು, ನಾನು ತಲೆ ಆಡಿಸಿದೆ ಅಷ್ಟೇ.

ಇಂತಿ,
ನಿನ್ನ ಮಾವ


ಮಾರ್ಚ್ 6
(ಈ ಕಾಗದವನ್ನು ಅಳಿಯ ಜೈಲಿನ ಕಚೇರಿಗೆ ಕೊಡಲಿಲ್ಲ)

ಮಾವನವರೇ,

ಇದೆ. ಅವಳ ಫೋಟೊ ಇದೆ. ಮೂವತ್ತಕ್ಕೂ ಹೆಚ್ಚು. ಕೊನೆಯವು ಕಾರಿನಲ್ಲಿ ತೆಗೆದವು. ನಾನು ತೆಗೆದವು, ಕಾರು ಓಡಿಸುತ್ತಾ. ನನಗೆ ಕಣ್ಣು ಹತ್ತಿರಲಿಲ್ಲ. ನಿದ್ದೆ ಬಂತು ಅಂತ ಆಸ್ಪತ್ರೆಯಲ್ಲಿ ಯಾರೋ ಅಂದರು, ನಾನು ಹೌದು ಅಂದೆ, ಆಮೇಲೆ ಎಲ್ಲ ಕಡೆಯೂ ಅದನ್ನೇ ಅಂದೆ. ನೀವು ಕ್ಷಮಿಸಿದ್ದು ಆ ನಿದ್ದೆಯನ್ನು. ಇದನ್ನು ಓದಿದ ಮೇಲೆ ನೀವು ನನಗೆ "ನೀನು" ಅಂತ ಬರೆಯುವುದಿಲ್ಲ. ಸಾಸಿವೆಯನ್ನು…


ಮಾರ್ಚ್ 6

ಪೂಜ್ಯ ಮಾವನವರಿಗೆ,

ಆ ಕಾರ್ಡಿನಲ್ಲಿ ಅವಳ ಫೋಟೊ ಯಾವುದೂ ಇಲ್ಲ. ಮದುವೆ ಮನೆಯವರದು ಮಾತ್ರ, ಅವರವನ್ನು ಛತ್ರದಲ್ಲೇ ಆರಿಸಿ ಇಳಿಸಿಕೊಟ್ಟಿದ್ದೆ. ಕೂತು ನೋಡಬೇಡಿ, ಸುಮ್ಮನೆ ಬ್ಯಾಟರಿ ಇಳಿಯುತ್ತದೆ.

ಹೊಸ ಕೆಲಸಕ್ಕೆ ಮುಂಚೆ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು, ಅಂದರೆ ಪೂರ್ತಿ ಅಳಿಸಿ ಖಾಲಿ ಮಾಡುವುದು, ನಮ್ಮ ವೃತ್ತಿಯ ನಿಯಮ. ನಿಮ್ಮ ಫೋಟೊಗಳಲ್ಲಿ ಬೇಕಾದವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆಮೇಲೆ ಮೆನು ಒತ್ತಿ, ಸ್ಪ್ಯಾನರ್ ಚಿತ್ರದ ಪುಟಕ್ಕೆ ಹೋಗಿ, ಫಾರ್ಮ್ಯಾಟ್ ಅನ್ನುವುದರ ಮೇಲೆ ನಿಲ್ಲಿಸಿ, ಸರಿ ಒತ್ತಿ. ಖಂಡಿತಾನಾ ಅಂತ ಕೇಳುತ್ತದೆ. ಮತ್ತೆ ಸರಿ ಒತ್ತಿ.

ಭೇಟಿಯ ದಿನಕ್ಕೆ ಕಾಯುತ್ತಿದ್ದೇನೆ.

ನಿಮ್ಮ ವಿಧೇಯ,
ಅಳಿಯ


ಮಾರ್ಚ್ 17

ಪ್ರೀತಿಯ ಅಳಿಯನಿಗೆ,

ನೀನು ಹೇಳಿದ ಹಾಗೇ ಮಾಡಿದೆ. ಖಂಡಿತಾನಾ ಅಂತ ಅದು ಕೇಳಿದಾಗ ಒಂದು ಗಳಿಗೆ ಬೆರಳು ನಿಂತಿತು. ಕತ್ತರಿ ಹಾಕೋ ಮುಂಚೆ ಬಟ್ಟೆಯ ಎರಡು ಮಗ್ಗುಲೂ ನೋಡೋದು ನನ್ನ ಅಭ್ಯಾಸ. ಬಾಣದ ಗುಂಡಿ ಒಂದು ಸಲ ಒತ್ತೋಣವಾ ಅಂದುಕೊಂಡೆ. ಆಮೇಲೆ, ನೀನು ಇಲ್ಲ ಅಂದಮೇಲೆ ಇಲ್ಲ, ನಿನಗಿಂತ ನನಗೆ ಹೆಚ್ಚು ಗೊತ್ತಾ ಅಂತ ಸರಿ ಒತ್ತಿದೆ.

ಇಲ್ಲ ಅಂತ ಓದಿದಾಗ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಜೊತೆಗೆ ಸ್ವಲ್ಪ ನಿರಾಳವೂ ಆಯಿತು. ನೋಡೋ ಧೈರ್ಯ ನನಗೆ ಎಲ್ಲಿತ್ತು.

ಶಾಲೆಯ ಕೆಲಸ ಇವತ್ತು ಶುರು. ಒಂದು ದಿನಕ್ಕೆ ಎರಡು ತರಗತಿ. ಇವತ್ತು ಅರವತ್ತೆರಡು ಮಕ್ಕಳು, ಅದರಲ್ಲಿ ಒಂಬತ್ತಕ್ಕೆ ಮುಂದಿನ ಹಲ್ಲಿಲ್ಲ, ಅವೇ ಜಾಸ್ತಿ ನಗೋದು. ಸಾಸಿವೆ ಪಕ್ಕದಲ್ಲಿ ಬಿಳಿ ರಟ್ಟು ಹಿಡಿದು ಬೆಳಕು ತಿರುಗಿಸ್ತಾಳೆ. ಯಾರು ಹೇಳಿಕೊಟ್ಟರು ಅಂದರೆ "ಅಮ್ಮ ಹೀಗೇ ಹಿಡೀತಿದ್ದಳು" ಅಂದಳು.

ಭೇಟಿಗೆ ಅನುಮತಿ ಬಂತು. ನಿನಗೊಂದು ಅಂಗಿ ಹೊಲೀತಿದ್ದೀನಿ. ಹಳೇ ಅಳತೆಗೇ ಹೊಲೀಲಾ, ಸೊರಗಿದ್ದೀಯಾ?

ಇಂತಿ,
ನಿನ್ನ ಮಾವ


ಮಾರ್ಚ್ 26

ಮಾವನವರೇ,

ಮೊದಲು ಕ್ಯಾಮೆರಾ ಆಫ್ ಮಾಡಿ. ಕಾರ್ಡು ತೆಗೆದು ಪಕ್ಕಕ್ಕಿಡಿ. ಅದರಲ್ಲಿ ಇನ್ನೊಂದೂ ಫೋಟೊ ತೆಗೆಯಬೇಡಿ. ಫಾರ್ಮ್ಯಾಟ್ ಮಾಡಿದರೂ ಹಳೆಯ ಫೋಟೊ ತಕ್ಷಣ ಹೋಗುವುದಿಲ್ಲ, ಮೇಲೆ ಹೊಸದು ಕೂರುವ ತನಕ ಅಡಿಯಲ್ಲಿ ಇರುತ್ತದೆ. ಕಂಪ್ಯೂಟರ್ ರಿಪೇರಿ ಮಾಡುವವರ ಹತ್ತಿರ ಒಯ್ದರೆ ತೆಗೆದುಕೊಡುತ್ತಾರೆ. ಈ ಕಾಗದ ನಿಮಗೆ ಬೇಗ ಸಿಗಲಿ. ಫೋನು ಮಾಡಲು ಇಲ್ಲಿನವರನ್ನು ಕೇಳಿಕೊಂಡೆ. ಪಟ್ಟಿಯಲ್ಲಿ ಇಲ್ಲದ ನಂಬರಿಗೆ ಆಗುವುದಿಲ್ಲ ಅಂದರು.

ಅವಳ ಫೋಟೊ ಇತ್ತು. ನಾನು ಸುಳ್ಳು ಬರೆದೆ.

ನಿದ್ದೆಯೂ ಸುಳ್ಳು. ಸಂಜೆ ಐದೂವರೆ. ಅವಳ ಕಡೆಯ ಕಿಟಕಿಯಿಂದ ಬಿಸಿಲು ಬರುತ್ತಿತ್ತು, ಅವಳ ಕೂದಲ ಅಂಚು ಹೊಳೆಯುತ್ತಿತ್ತು. ಅಂಥ ಬೆಳಕು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕ್ಯಾಮೆರಾ ನನ್ನ ತೊಡೆಯ ಮೇಲಿತ್ತು. ಒಂದು ಕೈಯಲ್ಲಿ ಎತ್ತಿ ಒತ್ತಿದೆ. ಒತ್ತಿ ಹಿಡಿದರೆ ಸಾಲಾಗಿ ತೆಗೆಯುತ್ತಾ ಹೋಗುವ ಹಾಗೆ ಇಟ್ಟಿದ್ದೆ. ಏಳು ತೆಗೆಯಿತು. ಎದುರಿಗೆ ಲಾರಿ ನಿಂತಿದ್ದು ನಾನು ನೋಡಲೇ ಇಲ್ಲ.

ಆಸ್ಪತ್ರೆಯಲ್ಲಿ ಬ್ಯಾಗು ಮಂಚದ ಪಕ್ಕ ಇಟ್ಟಿದ್ದರು. ತೆಗೆದು ಎಲ್ಲವನ್ನೂ ನೋಡಿದೆ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ನನ್ನ ಕೈಯಲ್ಲಿ ಆಗದ್ದನ್ನು ನಿಮ್ಮ ಕೈಯಿಂದ ಮಾಡಿಸಿದೆ. ನಿಮ್ಮ ಕಾಗದದಲ್ಲಿ "ನೀನು ಇಲ್ಲ ಅಂದಮೇಲೆ ಇಲ್ಲ" ಅಂತ ಓದಿದ ಕೂಡಲೇ ಇದನ್ನು ಬರೆಯಲು ಕೂತೆ.

ಈ ಕಾಗದವನ್ನು ಇಲ್ಲಿನ ಕಚೇರಿಯವರೂ ಓದುತ್ತಾರೆ. ಓದಲಿ, ಆಗುವುದು ಆಗಲಿ. ಕಾರ್ಡು ತೆಗೆದಿಡಿ ಮಾವನವರೇ.

ಅಳಿಯ


ಏಪ್ರಿಲ್ 14

ಅಳಿಯಂದಿರಿಗೆ,

ನಿಮ್ಮ ಕಾಗದ ಏಪ್ರಿಲ್ ಐದರಂದು ಬಂತು. ಅಷ್ಟರಲ್ಲಿ ಮುನ್ನೂರು ಮಕ್ಕಳೂ ಮುಗಿದಿದ್ದರು. ಒಬ್ಬೊಬ್ಬರಿಗೆ ಏಳೆಂಟು ತೆಗೆದು ಎರಡು ಸಲ ಕಾರ್ಡು ತುಂಬಿತು, ನೀವು ಕಲಿಸಿದ ನಿಯಮದ ಹಾಗೆ ಎರಡು ಸಲವೂ ಫಾರ್ಮ್ಯಾಟ್ ಮಾಡಿದೆ. ಆದರೂ ಕಂಪ್ಯೂಟರ್ ರಿಪೇರಿಯವಳ ಹತ್ತಿರ ಒಯ್ದೆ. ಪುಣ್ಯಾತಗಿತ್ತಿ, ಮೂರು ದಿನ ಕೂತಳು. ಸಿಕ್ಕಿದ್ದು ಹನ್ನೊಂದು ಫೋಟೊ. ಎಲ್ಲಾ ನಾನೇ ತೆಗೆದು ಚೆನ್ನಾಗಿಲ್ಲ ಅಂತ ಬಿಟ್ಟವು. ನಾಲ್ಕರಲ್ಲಿ ಮಕ್ಕಳಿಗೆ ತಲೆಯೇ ಇಲ್ಲ, ಒಂದರಲ್ಲಿ ನನ್ನ ಹೆಬ್ಬೆರಳು. "ಇವರೇನಾ ನಿಮ್ಮ ಮಗಳು" ಅಂತ ಒಂದು ಫೋಟೊ ತೋರಿಸಿದಳು. ಅದು ಮೂರನೇ ತರಗತಿ ಟೀಚರು. ಅಲ್ಲಮ್ಮಾ ಅಂದು ಎದ್ದು ಬಂದೆ.

ನಿದ್ದೆಯನ್ನು ಕ್ಷಮಿಸೋಕೆ ನನಗೆ ಆರು ತಿಂಗಳು ಹಿಡಿದಿತ್ತು. ನಿದ್ದೆ ಅಲ್ಲಿ ಇರಲೇ ಇಲ್ಲ. ಇದನ್ನು ನಾನು ಕ್ಷಮಿಸಿಲ್ಲ. ಕ್ಯಾಮೆರಾ ಎತ್ತಿದ್ದು ಬುದ್ಧಿಗೇಡಿತನ, ಅದನ್ನು ಒಂದು ದಿನ ನುಂಗಿಕೊಂಡೇನು. ನನ್ನ ಮಗಳನ್ನು ನನ್ನ ಬೆರಳಿಂದಲೇ ಅಳಿಸಿದಿರಲ್ಲ, ಅದು ಗಂಟಲಲ್ಲಿ ಇಳೀತಿಲ್ಲ. ಸಾಯೋವರೆಗೂ ಇಳಿಯಲ್ಲ ಅಂತ ಕಾಣುತ್ತೆ.

ಭಾನುವಾರ ನಾವು ಬರಲಿಲ್ಲ. ಜೈಲಿನವರು ಬೇಡ ಅಂದರು ಅಂತ ಸಾಸಿವೆಗೆ ಹೇಳಿದೆ. ನೀವು ಶುರು ಮಾಡಿದ ಸುಳ್ಳು ಈಗ ನನ್ನ ಬಾಯಿಗೂ ಬಂದಿದೆ. ಅವಳು ಹೊಸ ಉಡುಪು ಬಿಚ್ಚಿ, ಮಡಿಸಿ ಇಟ್ಟಳು.

ಒಂದು ಕೆಲಸ ಮಾಡಿ. ಅವೆಲ್ಲವನ್ನೂ ನೋಡಿದವರು ಈ ಲೋಕದಲ್ಲಿ ನೀವೊಬ್ಬರೇ. ಮೂವತ್ತೋ ನಲವತ್ತೋ, ನೆನಪಿರುವಷ್ಟೂ ಬರೆಯಿರಿ. ಕುರುಡನಿಗೆ ಹೇಳೋ ಹಾಗೆ ಒಂದೊಂದಾಗಿ. ಯಾವ ಬಟ್ಟೆ, ಎಲ್ಲಿ ನಿಂತಿದ್ದಳು, ಕೈ ಎಲ್ಲಿತ್ತು. ಚೆಂದ ಮಾಡಿ ಬರೆಯಬೇಡಿ. ಆ ಏಳನ್ನೂ ಬಿಡಬೇಡಿ. ಸಾಸಿವೆಯನ್ನು ಕರ್ಕೊಂಡು ಬರೋದು ಬಿಡೋದು ಅದನ್ನು ಓದಿದ ಮೇಲೆ ಹೇಳ್ತೀನಿ.

ಟೈಲರ್


ಏಪ್ರಿಲ್ 24

ಪೂಜ್ಯರಿಗೆ,

ಇಲ್ಲಿನವರು ನನ್ನ ಕಾಗದವನ್ನು ಕೋರ್ಟಿಗೆ ಕಳಿಸಿದ್ದಾರೆ. ಅದು ಹಾಗಿರಲಿ. ನೀವು ಕೇಳಿದ್ದನ್ನು ಬರೆಯುತ್ತೇನೆ. ಮೂವತ್ನಾಲ್ಕು ನೆನಪಿವೆ. ಮೊದಲ ಇಪ್ಪತ್ತೇಳು ಜೊತೆಗಿರುವ ಮೂರು ಹಾಳೆಗಳಲ್ಲಿವೆ. ಅವನ್ನು ಸಾಸಿವೆಗೂ ಓದಿ ಹೇಳಬಹುದು. ಹೇಗೆ ಬರೆದಿದ್ದೇನೆ ಅಂತ ತಿಳಿಯಲು ಎರಡನ್ನು ಇಲ್ಲೇ ಹೇಳುತ್ತೇನೆ.

ಒಂದನೆಯದು. ಛತ್ರದ ವೇದಿಕೆ, ಇನ್ನೂ ಯಾರೂ ಬಂದಿಲ್ಲ. ಬೆಳಕು ಸರಿಮಾಡಲು ಅವಳನ್ನೇ ನಿಲ್ಲಿಸಿದ್ದೆ. ನೀವು ಹೊಲಿದ ಹಸಿರು ಅಂಗಿ. ತೋಳು ಒಂದು ಬೆರಳು ಉದ್ದವಾಯಿತು ಅಂತ ಮಣಿಕಟ್ಟಿನ ಹತ್ತಿರ ಮಡಿಸಿಕೊಂಡಿದ್ದಾಳೆ. ಎಡಗೈ ಸೊಂಟದ ಮೇಲೆ. ಬೇಗ ಮುಗಿಸು ಅನ್ನುವ ಮುಖ.

ಹದಿನಾಲ್ಕನೆಯದು. ಕುರ್ಚಿಗಳ ನಡುವೆ ನೆಲದ ಮೇಲೆ ಕೂತಿದ್ದಾಳೆ, ಚಪ್ಪಲಿ ಬಿಚ್ಚಿದೆ. ಯಾರದೋ ಮನೆಯ ಮಗು ಅವಳ ತೊಡೆಯ ಮೇಲೆ ಮಲಗಿದೆ. ಒಂದು ಕೈಯಲ್ಲಿ ಫ್ಲ್ಯಾಶ್, ಇನ್ನೊಂದು ಕೈ ಮಗುವಿನ ಕಿವಿಯ ಮೇಲೆ, ಬ್ಯಾಂಡಿನ ಸದ್ದಿಗೆ ಏಳದಿರಲಿ ಅಂತ.

ಇನ್ನು ಕಾರಿನವು.

ಒಂದು. ಕಿಟಕಿಯ ಆಚೆ ನೋಡುತ್ತಿದ್ದಾಳೆ. ಕೆನ್ನೆಯ ಮೇಲೆ ಬಿಸಿಲು. ನಾನು ತೆಗೆಯುತ್ತಿರುವುದು ಗೊತ್ತಿಲ್ಲ.
ಎರಡು. ಸದ್ದು ಕೇಳಿ ಈ ಕಡೆ ತಿರುಗಿದ್ದಾಳೆ. ಕೂದಲು ಬಾಯಿಗೆ ಬಂದಿದೆ.
ಮೂರು. ಹುಬ್ಬು ಮೇಲೆ ಹೋಗಿದೆ. "ಮುಂದೆ ನೋಡ್ರೀ" ಅಂದದ್ದು ಆಗ.
ನಾಲ್ಕು. ಅಂಗೈ. ಲೆನ್ಸಿಗೆ ಅಡ್ಡ ಹಿಡಿದದ್ದು. ಬೆರಳ ಸಂದಿಯಲ್ಲಿ ಒಂದು ಕಣ್ಣು. ಆ ಕಣ್ಣಿನಲ್ಲಿ ಇನ್ನೂ ನಗು ಇದೆ.
ಐದು. ಕೈ ಇಳಿದಿದೆ. ಮುಖ ಅರ್ಧ ಮುಂದಕ್ಕೆ ತಿರುಗಿದೆ.
ಆರು. ಪೂರ್ತಿ ಮುಂದಕ್ಕೆ. ಬಾಯಿ ತೆರೆದಿದೆ.
ಏಳರಲ್ಲಿ ಅವಳಿಲ್ಲ. ಕಾರಿನ ಚಾವಣಿ, ಒಂದು ಗೆರೆ ಬೆಳಕು.

ಆ ಕಾರಿನಲ್ಲಿ ಇಬ್ಬರಿದ್ದೆವು. ರಸ್ತೆ ನೋಡಿದವಳು ಅವಳೊಬ್ಬಳೇ.

ಅಳಿಯ ಅಂತ ಸಹಿ ಹಾಕುವ ಹಕ್ಕು ಉಳಿದಿದೆಯೋ ತಿಳಿಯದೆ,
ಸಾಸಿವೆಯ ಅಪ್ಪ


ಮೇ 6

ಅಳಿಯಂದಿರಿಗೆ,

ಕಾಗದ ಬಂತು. ಓದಿದೆ.

ಆ ಹಸಿರು ಅಂಗಿಯ ತೋಳು ಅಳತೆ ತಪ್ಪಿ ಉದ್ದವಾದದ್ದಲ್ಲ. ಅದು ಒಗೆದರೆ ಕುಗ್ಗೋ ಬಟ್ಟೆ, ಬೇಕಂತಲೇ ಬೆರಳಷ್ಟು ಬಿಟ್ಟಿದ್ದೆ. ಎರಡು ಸಲ ಒಗೆದಿದ್ದರೆ ಸರಿಯಾಗಿ ಕೂರುತ್ತಿತ್ತು. ಅವಳಿಗೆ ಹೇಳೋದು ಮರೆತಿದ್ದೆ.

ಮೂರು ಹಾಳೆಗಳನ್ನು ಸಾಸಿವೆಗೆ ಓದಿ ಹೇಳಿದೆ, ದಿನಕ್ಕೆ ಒಂದು ಹಾಳೆ. ಹದಿನಾಲ್ಕನೆಯದನ್ನು ನಾಲ್ಕು ಸಲ ಓದಿಸಿದಳು. ಆಮೇಲೆ ತಾನೇ ಇಟ್ಟುಕೊಳ್ತೀನಿ ಅಂತ ಶಾಲೆಯ ಪುಸ್ತಕದೊಳಗೆ ಇಟ್ಟುಕೊಂಡಳು. ಕಾರಿನ ಏಳು ಇರೋ ಹಾಳೆ ನನ್ನ ಹತ್ತಿರ ಇದೆ. ಅದನ್ನು ನಾನು ಓದಿ ಹೇಳಲ್ಲ. ಬೇರೆ ಯಾರಿಂದಲೋ ಅವಳ ಕಿವಿಗೆ ಬೀಳೋದೂ ಬೇಡ. ಅವಳ ಅಮ್ಮ ಹೇಗೆ ಹೋದಳು ಅಂತ ಹೇಳಬೇಕಾದವರು ನೀವು, ಎದುರು ಕೂತು, ಮುಖ ನೋಡಿಕೊಂಡು.

ಈ ತಿಂಗಳ ಕೊನೇ ಭಾನುವಾರ ಹತ್ತೂವರೆಗೆ ಹೆಡ್ ಮಿಸ್ ಅವಳನ್ನು ಒಳಗೆ ಕರ್ಕೊಂಡು ಬರ್ತಾರೆ. ನಿಮ್ಮ ಅಂಗಿಯನ್ನೂ ಅವರ ಕೈಲೇ ಕಳಿಸ್ತೀನಿ. ಹೊಲಿದಾಗಿತ್ತು, ಇಟ್ಟುಕೊಂಡು ನಾನೇನು ಮಾಡಲಿ. ನಾನು ಒಳಗೆ ಬರಲ್ಲ, ಗೇಟಿನ ಹತ್ತಿರವೇ ನಿಂತಿರ್ತೀನಿ. ನೀವು ಹೇಳಿ ಮುಗಿಸಿದ ಮೇಲೆ ಆ ಮಗುವಿಗೆ ಯಾರಾದರೂ ಬೇಕಾಗ್ತಾರೆ.

ಇಂತಿ,
ಸಾಸಿವೆಯ ತಾತ